ಗುಮಾಸ್ತರ ನಿರಂತರ ಉಳುಮೆ

ಗುಮಾಸ್ತರಿಗೆ ಯಂತ್ರಗಳ ಮೇಲೆ ಹಿಡಿತ ಬಂದದ್ದು ಒಂದು ಬುಧವಾರ, ಊಟದ ಬಿಡುವಿಗೆ ಸ್ವಲ್ಪ ಮುಂಚೆ. ನೀರು ಸರಬರಾಜು ಕಚೇರಿಯ ಜೆರಾಕ್ಸ್ ಯಂತ್ರ ಮೂರು ದಿನದಿಂದ ಬಾಯಿ ಬಿಟ್ಟಿರಲಿಲ್ಲ. ರಿಪೇರಿಯವರು ಬಂದು, ನೋಡಿ, ತಲೆಯಾಡಿಸಿ ಹೋಗಿದ್ದರು. ಫೈಲು ಹೊತ್ತು ಬರುತ್ತಿದ್ದ ಗುಮಾಸ್ತರು ಕಾಲು ಜಾರಿ ಅದರ ಮೇಲೆ ಮೊಣಕೈ ಊರಿದರು. ಯಂತ್ರ ಗುರ್ರೆಂದು ಎದ್ದು ಹನ್ನೊಂದು ಹಾಳೆ ಉಗುಳಿತು. ಕಾಲು ಜಾರಿದ್ದನ್ನು ಯಾರೂ ನೋಡಿರಲಿಲ್ಲ. ಹಾಳೆ ಬಂದದ್ದನ್ನು ಎಲ್ಲರೂ ನೋಡಿದರು. "ಹೇಗೆ ಮಾಡಿದ್ರಿ ಸಾರ್?" ಎಂದು ಟೈಪಿಸ್ಟ್ ಕೇಳಿದಾಗ ಗುಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತ, "ಯಂತ್ರದ ಮನಸ್ಸು ಅರ್ಥ ಆಗ್ಬೇಕು, ಅಷ್ಟೇ" ಎಂದರು.

ಆ ಮಾತು ಕಚೇರಿಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಗುಮಾಸ್ತರು ಅದನ್ನು ಮನೆಗೂ ತಂದರು. ಮನೆಯೆಂದರೆ ಮಾವನ ಮನೆ. ಒಂಬತ್ತು ವರ್ಷದಿಂದ ಅವರು ಅಲ್ಲಿ ಮನೆ ಅಳಿಯ. ಈ ಒಂಬತ್ತು ವರ್ಷದಲ್ಲಿ ಅವರು ಹೊಡೆದ ಮೊಳೆ ಒಂದೂ ನೆಟ್ಟಗೆ ನಿಂತಿರಲಿಲ್ಲ. ಒಮ್ಮೆ ಬಲ್ಬು ಬದಲಾಯಿಸಲು ಹೋಗಿ ಇಡೀ ಬೀದಿಯ ದೀಪ ಆರಿಸಿದ್ದರು. ಮಾವನವರು ಬಾಯಿಬಿಟ್ಟು ಏನೂ ಅಂದವರಲ್ಲ. ಅಳಿಯ ಸುತ್ತಿಗೆ ಕೈಗೆತ್ತಿಕೊಂಡರೆ ಮಾತ್ರ ಮೆಲ್ಲನೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದರು.

ಮನೆಯ ಹಿಂದೆ ಎರಡು ಎಕರೆ ಹೊಲ. ಹೊಲದ ಮೂಲೆಯಲ್ಲಿ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಹನ್ನೆರಡು ವರ್ಷದಿಂದ ನಿಂತಲ್ಲೇ ನಿಂತ ಒಂದು ಟ್ರ್ಯಾಕ್ಟರು. ಅದರ ಸೀಟಿನ ಮೇಲೆ ಕೋಳಿ ಕಾವು ಕೂರುತ್ತಿತ್ತು, ರೇಡಿಯೇಟರಿನಲ್ಲಿ ಕಣಜದ ಹುಳುಗಳು ಸಂಸಾರ ಹೂಡಿದ್ದವು, ಹಿಂದಿನ ನೇಗಿಲು ತುಕ್ಕು ಹಿಡಿದು ಇಳಿದ ಭಂಗಿಯಲ್ಲೇ ಕಚ್ಚಿಕೊಂಡಿತ್ತು. "ಎಂಜಿನ್ ಹೋಯ್ತು" ಎಂದು ಮಾವನವರು ಹನ್ನೆರಡು ವರ್ಷದ ಹಿಂದೆ ಒಂದು ಸಲ ಹೇಳಿದ್ದರು. ಬಾಡಿಗೆ ಟ್ರ್ಯಾಕ್ಟರ್ ಕರೆಸೋಣ ಎಂದರೆ, "ನನ್ನ ಹೊಲಕ್ಕೆ ಕಂಡವರ ಗಾಡಿ ಇಳಿಯಕೂಡದು" ಎನ್ನುತ್ತಿದ್ದರು. ಹೀಗಾಗಿ ಹೊಲದಲ್ಲಿ ಹುಲ್ಲು ಸೊಂಟಕ್ಕೆ ಬಂದಿತ್ತು.

ಆ ಹುಲ್ಲಿನ ಕೆಳಗಿನ ಮಣ್ಣಿನ ಮೇಲೆ ಇಟ್ಟಿಗೆ ಸಾಹುಕಾರನ ಕಣ್ಣು ಬಿತ್ತು. ಅದೇ ಬುಧವಾರ ಸಂಜೆ ಅವನು ಕಾಗದಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದು ಜಗುಲಿಯ ಮೇಲೆ ಕುಳಿತ. "ಸುಮ್ನೆ ಬಿದ್ದಿರೋ ಮಣ್ಣು ಯಜಮಾನ್ರೇ. ಆರಡಿ ತೆಗೀತೀನಿ, ಅಷ್ಟೇ. ಹೊಲ ನಿಮ್ಮ ಹತ್ರನೇ ಇರುತ್ತೆ."

"ಆರಡಿ ಮಣ್ಣು ತೆಗೆದ ಮೇಲೆ ಇರೋದು ಹೊಲ ಅಲ್ಲ, ಗುಂಡಿ" ಎಂದಳು ಗುಮಾಸ್ತರ ಹೆಂಡತಿ. ಅವಳ ಕಣ್ಣಲ್ಲಿ ನೀರಾಡಿತು. "ಅಪ್ಪಾ, ನಾನು ಆಡಿ ಬೆಳೆದ ಹೊಲ. ಸಹಿ ಹಾಕಬೇಡಿ."

"ಉಳೋರು ಯಾರಮ್ಮ?" ಎಂದರು ಮಾವನವರು. ಸಾಹುಕಾರ ಪೆನ್ನಿನ ಮುಚ್ಚಳ ತೆಗೆದ. ಹೆಂಡತಿ ಗಂಡನ ಮುಖ ನೋಡಿದಳು. ಬೇರೆ ಯಾವ ದಿನವಾಗಿದ್ದರೂ ಗುಮಾಸ್ತರು ನೆಲ ನೋಡುತ್ತಿದ್ದರು. ಅವತ್ತು ಮಾತ್ರ ಜೆರಾಕ್ಸಿನ ಅಮಲು ಇನ್ನೂ ಇಳಿದಿರಲಿಲ್ಲ.

"ಟ್ರ್ಯಾಕ್ಟರ್ ನಾನು ಎಬ್ಬಿಸ್ತೀನಿ" ಎಂದುಬಿಟ್ಟರು.

ಮಾವನವರು ಅಭ್ಯಾಸಬಲದಿಂದ ಬೇರೆ ಕೋಣೆಗೆ ಹೋಗಲು ಎದ್ದು, ಸಾಹುಕಾರ ಇದ್ದಾನೆಂದು ಮತ್ತೆ ಕುಳಿತರು. ಅಡುಗೆಮನೆಯೊಳಗಿಂದ ಅತ್ತೆಯ "ಹೂಂ" ಎಂಬ ಒಂದೇ ಒಂದು ಸದ್ದು ಬಂತು. ಅತ್ತೆ ಕಡಿಮೆ ಮಾತಿನವರು. ಗಂಡನ ಜೊತೆಗಂತೂ ಮಾತೇ ಇಲ್ಲ. ಏನಿದ್ದರೂ ಮಗಳಿಗೋ ಅಳಿಯನಿಗೋ ಹೇಳಿ ದಾಟಿಸುವುದು. ಗುಮಾಸ್ತರು ಬಂದಾಗಿನಿಂದ ಹಾಗೇ ಇದ್ದುದರಿಂದ ಅದು ಆ ಮನೆಯ ರಿವಾಜೆಂದು ಅವರು ತಿಳಿದಿದ್ದರು.

ಸಾಹುಕಾರ ವ್ಯವಹಾರಸ್ಥ. "ಆಗಲಿ, ಭಾನುವಾರ ಸಂಜೆ ಐದರವರೆಗೆ ಕಾಯ್ತೀನಿ" ಎಂದ. "ಆದ್ರೆ ಗುರ್ ಅಂದ್ರೆ ಸಾಲದು. ಹೊಲ ಉತ್ತು, ವಾಪಸ್ ಬಂದು, ಇದೇ ಶೆಡ್ಡಿನ ಮುಂದೆ ನಿಲ್ಲಬೇಕು. ನಡು ಹೊಲದಲ್ಲಿ ಕೆಟ್ಟು ನಿಂತ್ರೆ ಲೆಕ್ಕಕ್ಕಿಲ್ಲ. ಸಹಿ ಹಾಕ್ಬೇಕು." ಮಾವನವರು ಮೀಸೆ ತಿರುವಿ "ಮಾತು ಅಂದ್ರೆ ಮಾತು" ಎಂದರು.

ಗುರುವಾರದಿಂದ ಗುಮಾಸ್ತರು ರಜೆ ಹಾಕಿದರು. ಪಂಪ್‌ಸೆಟ್ಟಿನ ಮೆಕ್ಯಾನಿಕ್ಕನನ್ನು ಕರೆದರೆ ಅವನು ಬೇರೆ ಊರಿನ ಕೆಲಸದಲ್ಲಿದ್ದ; ಫೋನಿನಲ್ಲೇ ಹೇಳಿಕೊಡುತ್ತೇನೆಂದ. ಗುಮಾಸ್ತರು ಅವನು ಹೇಳಿದ್ದನ್ನೆಲ್ಲ ಕಚೇರಿಯ ಪದ್ಧತಿಯಂತೆ ಕ್ರಮಸಂಖ್ಯೆ ಹಾಕಿ ಬರೆದುಕೊಂಡರು. ಕೋಳಿಯನ್ನು ತೆರವುಗೊಳಿಸಿದರು; ಕೋಳಿ ಆಕ್ಷೇಪಣೆ ಸಲ್ಲಿಸಿ ಮೊಣಕೈಗೆ ಕುಕ್ಕಿತು. ಕಣಜಗಳು ಆಕ್ಷೇಪಣೆ ಸಲ್ಲಿಸಿದ್ದು ಮೂಗಿಗೆ. ಶುಕ್ರವಾರ ಡೀಸೆಲ್ ಟ್ಯಾಂಕಿನಿಂದ ಅರ್ಧ ಬಕೆಟ್ ಕೆಂಪು ಕೆಸರು ತೆಗೆದರು. ಶನಿವಾರ ಆಯಿಲ್ ಬದಲಾಯಿಸಿದರು. ಅದರಲ್ಲಿ ಅರ್ಧ ಎಂಜಿನ್ನಿಗೆ, ಉಳಿದರ್ಧ ಅವರ ಪ್ಯಾಂಟಿಗೆ ಹೋಯಿತು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ತಮ್ಮ ಕಾರಿನ ಬ್ಯಾಟರಿ ಎರವಲು ಕೊಟ್ಟರು. ಅದರ ಜೊತೆಗೆ ದಿನಕ್ಕೆ ನಾಲ್ಕು ಗಂಟೆ ಉಪದೇಶವನ್ನೂ ಕೊಟ್ಟರು. "ತಪ್ಪು ಮಾಡ್ತಿದೀರಿ" ಎನ್ನುವುದು ಅವರ ಉಪದೇಶದ ಮೊದಲ ವಾಕ್ಯ, ಕೊನೆಯ ವಾಕ್ಯ ಕೂಡ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಮೆಕ್ಯಾನಿಕ್ ಕೊನೆಯ ಪಾಠ ಹೇಳಿದ. "ಇಷ್ಟು ವರ್ಷ ನಿಂತ ಗಾಡಿ ಸಾರ್, ಕ್ಲಚ್ ಹಿಡ್ಕೊಂಡಿರುತ್ತೆ. ಪೆಡಲ್ ತುಳಿದ್ರೂ ಬಿಡಲ್ಲ. ಸಣ್ಣ ಗೇರಿಗೆ ಹಾಕೇ ಸ್ಟಾರ್ಟ್ ಮಾಡಿ. ಗಾಡಿ ಹೊರಟುಬಿಡುತ್ತೆ, ಹೆದರಬೇಡಿ. ಓಡಿಸ್ತಾ ಓಡಿಸ್ತಾ ತಾನೇ ಬಿಟ್ಕೊಳ್ಳುತ್ತೆ. ನಿಲ್ಲಿಸೋದು ಗೊತ್ತಲ್ಲ ಸಾರ್? ಡೀಸೆಲ್ ಎಂಜಿನ್ನು ಕೀ ತಿರುಗಿಸಿದ್ರೆ—"

"ಏನ್ರೀ, ನನ್ನನ್ನ ಏನಂತ ತಿಳ್ಕೊಂಡಿದೀರಿ?" ಎಂದು ಗುಮಾಸ್ತರು ಫೋನ್ ಇಟ್ಟರು. ಫೋನನ್ನು ಅಂಗಿಯ ಜೇಬಿಗೆ ಹಾಕಿದರು. ಅಂಗಿಯನ್ನು ಬಿಚ್ಚಿ ಶೆಡ್ಡಿನ ಮೊಳೆಗೆ ನೇತುಹಾಕಿದರು. ಐದು ಲೀಟರ್ ಡೀಸೆಲ್ ಸುರಿದು, ಬನಿಯನ್ನಿನಲ್ಲೇ ಸೀಟು ಹತ್ತಿದರು.

ಮೂರೂಕಾಲು ಗಂಟೆಗೆ ಟ್ರ್ಯಾಕ್ಟರು ಕೆಮ್ಮಿತು, ಕರೀ ಹೊಗೆ ಕಾರಿತು, ಮತ್ತೆ ಕೆಮ್ಮಿತು, ಶೆಡ್ಡಿನ ತಗಡುಗಳೆಲ್ಲ ಗಡಗಡ ನಡುಗುವಂತೆ ಎದ್ದು ಹೊರಟೇಬಿಟ್ಟಿತು. ಹೆಂಡತಿ ಚಪ್ಪಾಳೆ ತಟ್ಟಿದಳು. ಮೇಷ್ಟ್ರು "ನಾನು ಹೇಳಿದ ಹಾಗೇ ಮಾಡಿದ್ರಿ" ಎಂದರು. ಬೇಗ ಬಂದು ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ ಸಾಹುಕಾರನ ಮುಖ ಕಪ್ಪಿಟ್ಟಿತು. ಮಾವನವರು ಎದ್ದು ನಿಂತರು. ಅವರ ಮೀಸೆಯ ತುದಿ ಅದುರುತ್ತಿತ್ತು. ಗುಮಾಸ್ತರು ಜನ್ಮದಲ್ಲೇ ಮೊದಲ ಬಾರಿಗೆ ಮಾವನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಒಂದು ಕೈ ಎತ್ತಿ ಬೀಸಿದರು. ಅವರ ಸಂತೋಷಕ್ಕೆ ಎಣೆಯಿರಲಿಲ್ಲ.

ಆ ಸಂತೋಷ ಎರಡು ಸುತ್ತು ಬಾಳಿತು. ಟ್ರ್ಯಾಕ್ಟರಿನ ವೇಗ ಊಟ ಮುಗಿಸಿ ಅಡ್ಡಾಡುವ ಮನುಷ್ಯನ ವೇಗ. ಹೊಲ ಸುತ್ತಲು ಏಳೆಂಟು ನಿಮಿಷ. ಹಿಂದೆ ನೇಗಿಲು ಮಣ್ಣನ್ನು ಮಗುಚುತ್ತಿತ್ತು. ಎರಡನೇ ಸುತ್ತು ಮುಗಿಸಿ ಶೆಡ್ಡಿನ ಮುಂದೆ ಬಂದ ಗುಮಾಸ್ತರು ಠೀವಿಯಿಂದ ಕೀ ತಿರುಗಿಸಿದರು. ಟ್ರ್ಯಾಕ್ಟರು ಮುಂದೆ ಹೋಯಿತು. ಕ್ಲಚ್ ತುಳಿದರು, ಅದು ಇನ್ನೂ ಬಿಟ್ಟಿರಲಿಲ್ಲ. ಬ್ರೇಕು ತುಳಿದರು, ಪೆಡಲು ಸಲೀಸಾಗಿ ನೆಲ ಮುಟ್ಟಿತು. ಗೇರು ಎಳೆದರು, ಮಿಸುಕಲಿಲ್ಲ. ಕೊನೆಗೆ 'ಎಂಜಿನ್ ನಿಲ್ಲಿಸಲು' ಎಂದು ಬರೆದಿದ್ದ ಗುಬುಟು ಕಣ್ಣಿಗೆ ಬಿತ್ತು. ದೇವರೇ ಎಂದುಕೊಂಡು ಎಳೆದರು. ಗುಬುಟು ಒಣಗಿದ ಗೋಂದಿನ ಸಮೇತ ಕೈಗೆ ಬಂತು. ಗುಮಾಸ್ತರು ಅತ್ತಿತ್ತ ನೋಡಿ ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಮೂರನೇ ಸುತ್ತಿಗೆ ಹೊರಡುವುದೇ ತಮ್ಮ ಉದ್ದೇಶ ಎಂಬಂತೆ ಮುಖ ಮಾಡಿಕೊಂಡರು.

"ಭೇಷ್!" ಎಂದು ಮೇಷ್ಟ್ರು ಪಕ್ಕದಲ್ಲೇ ನಡೆಯುತ್ತ ಬಂದರು. "ನಿಮ್ಮ ಉತ್ಸಾಹ ನೋಡಿದ್ರೆ ಖುಷಿ ಆಗುತ್ತೆ. ಹಾಗೇ ನಮ್ಮ ಹಿತ್ತಿಲಿಗೂ ಒಂದು ಸುತ್ತು ಬರ್ತೀರಾ? ಮೂರು ವರ್ಷದಿಂದ ಅಗೆಸಬೇಕು ಅಂತ ಇದೀನಿ."

"ನೋಡೋಣ" ಎಂದರು ಗುಮಾಸ್ತರು. ನೋಡುವ ಕಷ್ಟವನ್ನು ಟ್ರ್ಯಾಕ್ಟರು ಅವರಿಗೆ ಕೊಡಲಿಲ್ಲ. ಮೂಲೆಯಲ್ಲಿ ಸ್ಟಿಯರಿಂಗ್ ಒಂದು ಗಳಿಗೆ ಹಟ ಹಿಡಿಯಿತು. ಟ್ರ್ಯಾಕ್ಟರು ಬೇಲಿ ಮಲಗಿಸಿ ಮೇಷ್ಟ್ರ ಹಿತ್ತಿಲನ್ನೂ, ಅವರ ಹದಿನಾಲ್ಕು ಗುಲಾಬಿ ಗಿಡಗಳನ್ನೂ, ಬಟ್ಟೆ ಒಣಹಾಕುವ ಹಗ್ಗವನ್ನೂ ಉತ್ತು ಮತ್ತೆ ಹೊಲಕ್ಕೆ ಬಂತು. ಮೇಷ್ಟ್ರ ಎರಡು ಪಂಚೆಗಳು ರೇಡಿಯೇಟರಿನ ಮೇಲೆ ಬಾವುಟದಂತೆ ಹಾರಾಡತೊಡಗಿದವು. ಮೇಷ್ಟ್ರಿಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ. ಅದೊಂದೇ ಅವತ್ತಿನ ಲಾಭ.

ಬಾವುಟ ಹಾರಿಸಿಕೊಂಡು ಸುತ್ತುತ್ತಿರುವ ಟ್ರ್ಯಾಕ್ಟರನ್ನು ನೋಡಿ, ರಸ್ತೆಯಲ್ಲಿ ಮೋಟಾರು ಬೈಕಿನ ಮೇಲೆ ಹೋಗುತ್ತಿದ್ದ ಕೃಷಿ ಅಧಿಕಾರಿ ಗಾಡಿ ನಿಲ್ಲಿಸಿದರು. ಇದು ಯಾವುದೋ ಪ್ರಾತ್ಯಕ್ಷಿಕೆ, ತಮಗೆ ಆಹ್ವಾನ ಬಂದಿಲ್ಲ ಎಂದು ಅವರಿಗೆ ಅನ್ನಿಸಿತು. ಫಾರಂ ತೆಗೆದುಕೊಂಡು ಓಡಿಬಂದು ಪಕ್ಕದಲ್ಲಿ ಹೆಜ್ಜೆ ಹಾಕಿದರು.

"ಸಾರ್, ಈ ವಿಧಾನಕ್ಕೆ ಏನಂತ ಹೆಸರು?"

ಗುಮಾಸ್ತರು ಇಪ್ಪತ್ತು ವರ್ಷ ಸರ್ಕಾರಿ ಕಾಗದದ ನಡುವೆ ಬದುಕಿದವರು. ಫಾರಂ ಕಂಡಕೂಡಲೇ ಅವರ ಬಾಯಿಗೆ ಮಾತು ತಾನಾಗಿ ಬಂತು. "ನಿರಂತರ ಉಳುಮೆ" ಎಂದರು.

"ಎಷ್ಟು ಸುತ್ತು ಹಾಕ್ಬೇಕು?"

"ಮಣ್ಣು ಸಾಕು ಅನ್ನೋವರೆಗೆ."

"ಮಧ್ಯೆ ನಿಲ್ಲಿಸಬಾರದಾ?"

"ನಿಲ್ಲಿಸೋ ಪ್ರಶ್ನೇನೇ ಇಲ್ಲ" ಎಂದರು ಗುಮಾಸ್ತರು. ಅವತ್ತು ಅವರಾಡಿದ ಮಾತುಗಳಲ್ಲಿ ಅಪ್ಪಟ ನಿಜ ಅದೊಂದೇ. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು, ರಜಾದಿನ ಎಂಬುದನ್ನೂ ಮರೆತು ಮೇಲಧಿಕಾರಿಗೆ ಫೋನ್ ಮಾಡಿದರು. "ಹೊಸದು ಸಾರ್. ನಿಲ್ಲಿಸೋದೇ ಇಲ್ಲ ಸಾರ್. ಹೌದು ಸಾರ್, ಪಂಚೆ ಕಟ್ಟಿದಾರೆ, ಗಾಳಿಯ ದಿಕ್ಕು ನೋಡೋಕೆ ಇರ್ಬೇಕು."

ಏಳನೇ ಸುತ್ತಿಗೆ ಹೆಂಡತಿ ಕಾಫಿ ಲೋಟ ಹಿಡಿದು ಬಂದು ಜೊತೆಯಲ್ಲಿ ನಡೆದಳು. "ಒಂದ್ನಿಮಿಷ ನಿಲ್ಲಿಸಿ ಕುಡೀರಿ."

"ಓಡಿಸ್ತಾನೇ ಕುಡೀತೀನಿ. ಲಯ ತಪ್ಪುತ್ತೆ."

ಅವಳು ಗಂಡನ ಮುಖ ದಿಟ್ಟಿಸಿ ನೋಡಿದಳು. ಒಂಬತ್ತು ವರ್ಷದಿಂದ ನೋಡುತ್ತಿರುವ ಮುಖ. ಅದರಲ್ಲಿ ಬೆವರು ಎಲ್ಲಿಂದ ಶುರುವಾಗುತ್ತದೆಂದು ಅವಳಿಗೆ ಗೊತ್ತು. "ರೀ, ನಿಲ್ಲಿಸೋಕೆ ಬರಲ್ವಾ?"

"ಮೆಲ್ಲಗೆ ಹೇಳೇ! ಗುಬುಟು ಜೇಬಲ್ಲಿದೆ. ಡೀಸೆಲ್ ಐದೇ ಲೀಟರ್ ಹಾಕಿದ್ದು. ಇನ್ನು ಸ್ವಲ್ಪ ಹೊತ್ತಿಗೆ ನಡು ಹೊಲದಲ್ಲಿ ನಿಂತ್ರೆ ಅವನು ಸಹಿ ಹಾಕಿಸ್ಕೋತಾನೆ."

"ಅಯ್ಯೋ, ಆ ಗುಬುಟು ಮುಂಚಿನಿಂದ್ಲೂ ಹಾಗೇ ಅಲ್ವಾ? ನಾನು ಚಿಕ್ಕವಳಿದ್ದಾಗ ಅಮ್ಮ ಹೋಗಿ ಅದೇನೋ ಮುಚ್ಚಿ ನಿಲ್ಲಿಸ್ತಿದ್ರು. ಸರಿ ಮಾಡಿಸಿರ್ತಾರೆ ಅಂದ್ಕೊಂಡಿದ್ದೆ. ಇರಿ ಬಂದೆ" ಎಂದು ಅವಳು ಒಳಗೆ ಓಡಿದಳು. ಇರಿ ಎಂದದ್ದು ಗುಮಾಸ್ತರಿಗೆ, ಟ್ರ್ಯಾಕ್ಟರು ಹೊರಟುಹೋಯಿತು.

ಆಮೇಲಿನ ಸುದ್ದಿ ಗುಮಾಸ್ತರಿಗೆ ಸುತ್ತಿಗೊಂದು ಕಂತಿನಂತೆ ತಲುಪಿತು. ಎಂಟನೇ ಸುತ್ತು: "ಅಮ್ಮ ಬರಲ್ವಂತೆ. ಹನ್ನೆರಡು ವರ್ಷದ ಹಿಂದೆ ಅಪ್ಪ ನಾಲ್ಕು ಜನದ ಮುಂದೆ, 'ಓಡಿಸೋನು ನಾನು, ಬಂದು ಮುಚ್ಚೋದ್ರಲ್ಲಿ ಏನು ಮಹಾ ಇದೆ' ಅಂದ್ರಂತೆ. ಹಾಗಾದ್ರೆ ನೀವೇ ನಿಲ್ಲಿಸ್ಕೊಳ್ಳಿ ಅಂತ ಅಮ್ಮ ಒಳಗೆ ಹೋದ್ರಂತೆ."

"ಎಂಜಿನ್ ಹೋಯ್ತು ಅಂದಿದ್ರಲ್ಲ?"

ಒಂಬತ್ತನೇ ಸುತ್ತು: "ಎಂಜಿನ್ನಿಗೆ ಏನೂ ಆಗಿರ್ಲಿಲ್ಲ. ಮೇಲೆ ಎರಡು ಪೈಪ್ ಇದಾವಲ್ಲ, ಒಂದು ಗಾಳಿ ಎಳೆಯೋದು, ಒಂದು ಹೊಗೆ ಬಿಡೋದು. ಅಮ್ಮ ಯಾವುದನ್ನ ಮುಚ್ತಿದ್ರು ಅಂತ ಅಪ್ಪ ಇಪ್ಪತ್ತು ವರ್ಷ ತಿರುಗಿ ನೋಡಿರ್ಲಿಲ್ಲ. ಹೊಗೆ ನಿಂತ್ರೆ ಎಂಜಿನ್ನೂ ನಿಲ್ಲುತ್ತೆ ಅಂತ ಹೊಗೆ ಪೈಪಿಗೆ ಗೋಣಿ ತುರುಕಿದ್ರಂತೆ. ಗೋಣಿಗೆ ಬೆಂಕಿ ಹತ್ತಿ ಅರ್ಧ ಮೀಸೆ ಹೋಯ್ತಂತೆ. ಡೀಸೆಲ್ ಖಾಲಿಯಾಗಿ ತಾನೇ ನಿಂತ್ಕೊಳ್ತಂತೆ."

"ಹಾಗಾದ್ರೆ ಗಾಳಿ ಎಳೆಯೋದನ್ನ ಹೇಗೆ ಮುಚ್ಚೋದು ಕೇಳ್ಕೊಂಡು ಬಂದು ನೀನೇ ಮುಚ್ಚೇ!"

ಹತ್ತನೇ ಸುತ್ತು: "ಹೇಳಲ್ವಂತೆ. ಅಪ್ಪನೇ ಬಾಯಿಬಿಟ್ಟು ಕರೀಬೇಕಂತೆ. ಅಪ್ಪನ್ನ ಕೇಳಿದ್ರೆ ಸಾಹುಕಾರನ ಮುಂದೆ ಮಾನ ಹೋಗುತ್ತೆ ಅಂತ ಬಾಯೇ ಬಿಡ್ತಿಲ್ಲ."

ಆಗ ಐದಕ್ಕೆ ಇಪ್ಪತ್ತು ನಿಮಿಷ. ಸಾಹುಕಾರನಿಗೆ ಏನೋ ವಾಸನೆ ಹತ್ತಿತ್ತು. ಅವನು ಕುರ್ಚಿಯನ್ನು ಶೆಡ್ಡಿನ ಮುಂದಕ್ಕೆ ಎಳೆಸಿಕೊಂಡು, ತೊಡೆಯ ಮೇಲೆ ಕಾಗದ ಹರವಿಕೊಂಡು, ಕೈಗಡಿಯಾರ ನೋಡುತ್ತ ಹಲ್ಲು ಕಿರಿಯುತ್ತಿದ್ದ. ಟ್ರ್ಯಾಕ್ಟರು ಒಮ್ಮೆ ಸಣ್ಣಗೆ ಮುಗ್ಗರಿಸಿತು. ಡೀಸೆಲ್ ತಳ ಕಂಡಿದೆ ಎಂದು ಯಂತ್ರದ ಮನಸ್ಸು ತಿಳಿಯದ ಗುಮಾಸ್ತರಿಗೂ ಗೊತ್ತಾಯಿತು. ಹೆಂಡತಿ ಬದುವಿನ ಮೇಲೆ ಕುಳಿತುಬಿಟ್ಟಿದ್ದಳು. ಆಗ ತಾನೇ ಉತ್ತ ಮಣ್ಣನ್ನು ಒಂದು ಹಿಡಿ ಎತ್ತಿಕೊಂಡು ಸುಮ್ಮನೆ ನೋಡುತ್ತಿದ್ದಳು. ಗುಮಾಸ್ತರು ಅದನ್ನು ಕಂಡರು.

ಜಗುಲಿಯ ಎದುರಿಗೆ ಬರುತ್ತಲೇ ಅವರು ಸೀಟಿನ ಮೇಲೆ ಎದ್ದು ನಿಂತು, ಎಂಜಿನ್ನಿಗಿಂತ ಜೋರಾಗಿ ಕೂಗಿದರು: "ಮಾವಾ! ನನಗೆ ನಿಲ್ಲಿಸೋಕೆ ಬರಲ್ಲ!"

ಮೇಷ್ಟ್ರು, ಅಧಿಕಾರಿ, ಸಾಹುಕಾರ ಎಲ್ಲರೂ ತಿರುಗಿದರು. ಒಮ್ಮೆ ಬಾಯಿ ತೆರೆದ ಗುಮಾಸ್ತರಿಗೆ ಮುಚ್ಚಲು ಆಗಲಿಲ್ಲ. "ಸ್ಟಾರ್ಟ್ ಮಾಡೋದೂ ಫೋನಲ್ಲಿ ಹೇಳಿಸ್ಕೊಂಡಿದ್ದು! ನಿರಂತರ ಉಳುಮೆ ಅನ್ನೋದು ಯಾವುದೂ ಇಲ್ಲ! ಜೆರಾಕ್ಸೂ ನಾನು ರಿಪೇರಿ ಮಾಡಿಲ್ಲ, ಕಾಲು ಜಾರಿತ್ತು! ನನಗೇನೂ ಬರಲ್ಲ ಮಾವ! ಬರೋರನ್ನ ಕರೀರಿ!"

ಅಧಿಕಾರಿ ಫಾರಮ್ಮಿನ ಹಾಳೆಯನ್ನು ಮಡಿಚಿ ಜೇಬಿನೊಳಗೆ ತೂರಿಸಿದರು. ಮಾವನವರು ಕಂಬ ಹಿಡಿದು ನಿಂತಿದ್ದರು. ಬನಿಯನ್ನಿನ ತುಂಬ ಆಯಿಲು ಬಳಿದುಕೊಂಡು, ಮೂಗು ಊದಿಸಿಕೊಂಡು, ನಾಲ್ಕು ಜನರ ಮುಂದೆ ಮಾನ ಬಿಟ್ಟು ಕೂಗುತ್ತಿರುವ ಅಳಿಯನನ್ನು ನೋಡಿದರು. ಆ ಹೊತ್ತಿನಲ್ಲಿ ಅವರಿಗೆ ಅಳಿಯನ ಮೇಲೆ ನಗು ಬರಲಿಲ್ಲ, ಸ್ವಲ್ಪ ಹೊಟ್ಟೆಕಿಚ್ಚು ಬಂತು. ಅಡುಗೆಮನೆಯ ಕಡೆ ತಿರುಗಿದರು. ಬಾಯಿ ತೆರೆದರು, ಮುಚ್ಚಿದರು. ಹನ್ನೆರಡು ವರ್ಷ ಕರೆಯದೆ ಇದ್ದ ಮನುಷ್ಯನಿಗೆ ಕರೆಯುವುದು ಹೇಗೆಂದೇ ಮರೆತಿತ್ತು.

"ಇವಳೇ" ಎಂದರು ಕೊನೆಗೆ. ದನಿ ಅರ್ಧಕ್ಕೇ ನಿಂತಿತು. ಮತ್ತೆ ಗಟ್ಟಿಯಾಗಿ, "ಬಾರೇ ಇವಳೇ. ನನಗೂ ನಿಲ್ಲಿಸೋಕೆ ಬರಲ್ಲ."

ಅತ್ತೆ ಬಾಗಿಲ ಹಿಂದೆಯೇ ನಿಂತಿದ್ದರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒದ್ದೆ ಗೋಣಿಚೀಲ. ಅದನ್ನು ಅವರು ಮೂರನೇ ಸುತ್ತಿಗೇ ನೆನೆಸಿಟ್ಟಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ, ಉತ್ತ ಮಣ್ಣಿನಲ್ಲಿ ದಾಪುಗಾಲು ಹಾಕಿ ಹೋಗಿ ಟ್ರ್ಯಾಕ್ಟರಿನ ಜೊತೆಗೂಡಿದರು. "ಶೆಡ್ಡಿನ ಕಡೆ ತಿರುಗಿಸಿ ಅಳಿಯಂದ್ರೇ. ಇನ್ನೂ ಬಲಕ್ಕೆ. ಸಾಕು, ನೆಟ್ಟಗೆ ಬನ್ನಿ." ಎಂಜಿನ್ನು ಎರಡು ಬಾರಿ ಮುಗ್ಗರಿಸಿತು. ಎದುರಿಗೆ ಕುಳಿತಿದ್ದ ಸಾಹುಕಾರ ಟ್ರ್ಯಾಕ್ಟರು ತನ್ನ ಕಡೆಗೇ ಬರುತ್ತಿರುವುದನ್ನು ನೋಡಿ ಕುರ್ಚಿ ಬಿಟ್ಟು ಹಾರಿದ. ಕುರ್ಚಿ ಲಟಕ್ಕೆಂದಿತು. ಅತ್ತೆ ಮೇಷ್ಟ್ರ ಪಂಚೆಗಳನ್ನು ಕಿತ್ತೆಸೆದು, ಎಡಗಡೆಯ ಪೈಪಿನ ಬಾಯಿಗೆ ಗೋಣಿಚೀಲವನ್ನು ಅಂಗೈಯಿಂದ ಒತ್ತಿ ಹಿಡಿದರು. ಟ್ರ್ಯಾಕ್ಟರು ಉಸಿರುಕಟ್ಟಿ ಒಮ್ಮೆ ನಡುಗಿ, ಶೆಡ್ಡಿನ ಬಾಗಿಲಿಗೆ ಸರಿಯಾಗಿ ನಿಂತಿತು. ಐದಕ್ಕೆ ಇನ್ನೂ ಏಳು ನಿಮಿಷವಿತ್ತು.

ಎಷ್ಟೋ ಹೊತ್ತಿನ ಮೇಲೆ ಹಕ್ಕಿಗಳ ಸದ್ದು ಕೇಳಿಸಿತು. ಸಾಹುಕಾರ ಮೈ ಕೊಡವಿಕೊಂಡು ಬಂದ. "ಓಡಿಸಿದೋರು ನಿಲ್ಲಿಸ್ಲಿಲ್ಲ. ಬೇರೆಯವರು ಬಂದು ನಿಲ್ಲಿಸಿದ್ರು. ಇದು ಷರತ್ತಿಗೆ—"

ಅತ್ತೆ ಗೋಣಿಚೀಲವನ್ನು ಮತ್ತೆ ನಾಲ್ಕು ಮಡಿಕೆ ಮಾಡುತ್ತ ಅವನ ಬಾಯಿಯ ಕಡೆ ನೋಡಿದರು. "ಇನ್ನೂ ಏನಾದ್ರೂ ನಿಲ್ಲಿಸ್ಬೇಕಾ?"

ಸಾಹುಕಾರ ಪ್ಲಾಸ್ಟಿಕ್ ಕವರನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಹೆಂಡತಿ ಓಡಿಬಂದು, ಆಯಿಲು ಗೀಯಿಲು ಎಂದು ನೋಡದೆ ಗುಮಾಸ್ತರ ತೋಳು ಹಿಡಿದುಕೊಂಡಳು. ಮೇಷ್ಟ್ರು ಗುಲಾಬಿ ಗಿಡಗಳ ಬಗ್ಗೆ ಹೇಳುತ್ತಿದ್ದುದು ಗುಮಾಸ್ತರಿಗೆ ಒಂದೂ ಕಿವಿಗೆ ಬೀಳಲಿಲ್ಲ.

ಮಾವನವರು ಅತ್ತೆಯ ಹತ್ತಿರ ಬಂದು ನಿಂತರು. ಎಡಗಡೆಯ ಪೈಪನ್ನು ಮೇಲಿಂದ ಕೆಳಕ್ಕೆ ನೋಡಿದರು. "ಇದಾ?" ಎಂದರು.

"ಅದೇ" ಎಂದರು ಅತ್ತೆ. "ಚೆನ್ನಾಗಿ ನೋಡಿಟ್ಕೊಳ್ಳಿ. ನಾಳೆಯಿಂದ ಓಡಿಸೋಳು ನಾನು."

ಸೋಮವಾರ ಬೆಳಿಗ್ಗೆ ಅತ್ತೆ ಸೆರಗು ಬಿಗಿದು ಸೀಟು ಹತ್ತಿದರು. ಕ್ಲಚ್ಚು ಅವರ ಕಾಲಿಗೆ ಮೊದಲನೇ ತುಳಿತಕ್ಕೇ ಬಿಟ್ಟುಕೊಟ್ಟಿತು. ಹೊಲದ ಒಂದು ಬದುವಿನ ಮೇಲೆ ಮಾವನವರು, ಇನ್ನೊಂದು ಬದುವಿನ ಮೇಲೆ ಅಂದೂ ರಜೆ ಹಾಕಿದ ಗುಮಾಸ್ತರು, ಇಬ್ಬರೂ ಒಂದೊಂದು ಒದ್ದೆ ಗೋಣಿಚೀಲ ಹಿಡಿದು ನಿಂತರು. ಅತ್ತೆ ಯಾರನ್ನು ಕರೆಯುತ್ತಾರೋ ಎಂದು ಸಂಜೆಯವರೆಗೂ ಕಾದರು.